ಹಶ್ಮಿಯ ಟ್ರಾಕ್ಟರ್ ಹೊಗೆ ಬಿಟ್ಟಿತು

ಟ್ರಾಕ್ಟರ್ ಎಂದಮೇಲೆ ಹೊಗೆ ಬಂದೇ ಬರುತ್ತದೆ ಎಂಬುದು ಹಶ್ಮಿಯ ವಾದ. ಬರಲಿ, ಆದರೆ ಕಾಫಿಯೊಳಗೆ ಬರಬಾರದು ಎಂಬುದು ಅವನ ಹೆಂಡತಿ ದೂಜಾಳ ವಾದ.

ಜಗಳ ಹುಟ್ಟಿದ್ದು ಕಾಫಿಯಿಂದಲೇ. ದೂಜಾ ವರ್ಷವರ್ಷವೂ ವಸಂತದಲ್ಲಿ ಕಹಿಕಿತ್ತಳೆಯ ಹೂ ಬಟ್ಟಿ ಇಳಿಸಿ ಘಮಘಮಿಸುವ ಹೂನೀರು ತೆಗೆಯುತ್ತಾಳೆ. ನಾಬುಲ್ ಪೇಟೆಯ ಸುತ್ತಮುತ್ತ ಮದುವೆಯಾದರೂ, ಮಗು ಹುಟ್ಟಿದರೂ, ಯಾರಾದರೂ ಮೂರ್ಛೆ ಹೋದರೂ ಅವಳ ಸೀಸೆಯೇ ಬೇಕು. ಅಂಥವಳ ಮನೆಗೆ ಬಂದ ನೆರೆಯ ಮನ್ನಾನಾ, ಹೂನೀರಿನ ಹನಿ ಹಾಕಿದ ಕಾಫಿ ಹೀರಿ, ಕಣ್ಣು ಮುಚ್ಚಿ, ಬಹಳ ಮರ್ಯಾದೆಯಿಂದ ಕೇಳಿದಳು: "ದೂಜಾ, ಹೋದ ವರ್ಷ ಹೂ ಬಟ್ಟಿ ಇಳಿಸಿದ್ಯೋ, ಲಾಟೀನು ಬಟ್ಟಿ ಇಳಿಸಿದ್ಯೋ?"

ಹೋದ ವಸಂತದಲ್ಲಿ ಹೂ ಹರವಿದ ಚಾದರದ ಪಕ್ಕದಲ್ಲೇ ಹಶ್ಮಿ ದಿನಾ ಟ್ರಾಕ್ಟರ್ ಚಾಲೂ ಮಾಡುತ್ತಿದ್ದ. (ಗಾಳಿ ಯಾವ ಕಡೆ ಬೀಸುತ್ತದೋ ಅದಕ್ಕೆ ಅವನು ಹೊಣೆಯೇ?) ಮನ್ನಾನಾ ಹೊಸಿಲು ದಾಟಿದ್ದೇ ತಡ, ದೂಜಾ ಗಂಡನತ್ತ ತಿರುಗಿ ನಿಂತಳು.

"ನೋಡಿ, ಈ ಸಲ ಗಿಡ ಹೂ ಬಿಡೋದ್ರೊಳಗೆ ನಿಮ್ಮ ಟ್ರಾಕ್ಟರ್ ಹೊಗೆ ಬಿಡಬೇಕು!"

"ಬಿಡ್ತಾನೇ ಇದೆಯಲ್ಲೇ, ನಮ್ಮಪ್ಪನ ಕಾಲದಿಂದ!"

"ಬಿಡೋದನ್ನ ಬಿಡಬೇಕು! ಇಲ್ಲಾಂದ್ರೆ ಗುಜರಿಯವನನ್ನ ಕರೆಸ್ತೀನಿ."

ಗುಜರಿ ಎಂಬ ಮಾತಿಗೆ ಹಶ್ಮಿಯ ಎದೆ ಧಸಕ್ಕೆಂದಿತು. ಅವನ ನಿಂಬೆ ತೋಟ ಉಳುವುದು ಆ ಟ್ರಾಕ್ಟರ್. ದೂಜಾಳ ಮದುವೆಯ ಮಂಚ, ಕನ್ನಡಿ, ಉಣ್ಣೆಯ ಹಾಸಿಗೆ ಈ ಮನೆಗೆ ಬಂದದ್ದೂ ಅದರ ಬೆನ್ನ ಹಿಂದೆಯೇ. ಪೇಟೆಯ ಮೆಕ್ಯಾನಿಕ್ ಬಂದು ಕಿವಿಗೊಟ್ಟು ಕೇಳಿ, ಹಶ್ಮಿಯ ಹೆಗಲ ಮೇಲೆ ಕೈಯಿಟ್ಟು, "ದೇವರು ನಿನಗೆ ತಾಳ್ಮೆ ಕೊಡಲಿ" ಎಂದು ಸಾವಿನ ಮನೆಯಲ್ಲಿ ಹೇಳುವ ಮಾತು ಹೇಳಿ ಹೊರಟುಹೋದ. ಜೀರ್ಣೋದ್ಧಾರದ ಮಹಾಕಾರ್ಯವನ್ನು ತಾನೇ ಕೈಗೊಳ್ಳಬೇಕೆಂದು ಹಶ್ಮಿ ಆಗಲೇ ತೀರ್ಮಾನಿಸಿದ.

"ಕಪ್ಪು ಹೊಗೆ ಅಂದ್ರೆ ಡೀಸೆಲ್ ಜಾಸ್ತಿ. ನೀಲಿ ಅಂದ್ರೆ ಆಯಿಲ್ ಉರೀತಿದೆ. ನಮ್ಮದು ನೀಲಿ," ಎಂದು ಅವನು ಗುರುಗಳ ಗತ್ತಿನಲ್ಲಿ ಹೇಳಿದ.

"ನನ್ನ ಚಾದರದ ಮೇಲೆ ಕಪ್ಪೇ ಕೂತಿದೆ."

"ಅದು ನೀಲಿನೇ ಕಣೇ. ಒಣಗಿದ ಮೇಲೆ ಹಾಗೆ ಕಾಣುತ್ತೆ."

ಹೊರಗೆ ಮರಳುಗಾಳಿ ಎದ್ದದ್ದರಿಂದ ಎಂಜಿನ್ ತುಂಡುತುಂಡಾಗಿ ಅಡುಗೆಮನೆ ಸೇರಿತು. ಪಿಸ್ಟನ್ನುಗಳು ಕುಸ್ಕುಸು ಬೇಯಿಸುವ ಪಾತ್ರೆಯಲ್ಲಿ ಸೀಮೆಎಣ್ಣೆ ಸ್ನಾನ ಮಾಡಿದವು. ಅವುಗಳ ಹಲ್ಲುಜ್ಜಲು ಬಳಕೆಯಾದ ಬ್ರಷ್ಷು ಯಾರದು ಎಂಬ ವಿಷಯದಲ್ಲಿ ಗಂಡಹೆಂಡಿರಿಗೆ ಇಂದಿಗೂ ಒಮ್ಮತವಿಲ್ಲ. ಮರುದಿನ ಹಶ್ಮಿ ಪೇಟೆಗೆ ಹೊರಟಾಗ ಬಾಗಿಲಿನಿಂದಲೇ ಕೂಗಿದ: "ದೂಜಾ, ರಿಂಗು ತರ್ತೀನಿ!"

ದೂಜಾ ಸಂಜೆ ಕಣ್ಣಿಗೆ ಕಾಡಿಗೆ ತೀಡಿ, ಹಸಿರು ಉಡುಪು ತೊಟ್ಟು ಕಾದಳು. ಹಶ್ಮಿ ಬಂದು ಎಣ್ಣೆಕಾಗದದ ಪೊಟ್ಟಣ ಬಿಚ್ಚಿದ. ಅವಳು ಒಂದು ರಿಂಗು ಎತ್ತಿ ಹಿಡಿದು, ಅದರ ನಡುವಿನಿಂದ ಗಂಡನ ಮುಖವನ್ನು ಪೂರ್ತಿಯಾಗಿ ನೋಡಿದಳು.

"ಇದು ಯಾವ ಬೆರಳಿಗೆ?"

"ಪಿಸ್ಟನ್ನಿಗೆ," ಎಂದ ಹಶ್ಮಿ. ಅಂದು ರಾತ್ರಿ ಊಟಕ್ಕೆ ಅವನಿಗೆ ಸಿಕ್ಕಿದ್ದು ರೊಟ್ಟಿ ಮತ್ತು ಮೌನ.

ಹೂವಿನ ಕಾಲಕ್ಕೆಂದು ದೂಜಾಳ ತಾಯಿ, ಹಶ್ಮಿಯ ಅತ್ತೆ ಸಾಸಿಯಾ ಬಂದಿಳಿದದ್ದು ಆಗಲೇ. ಸಿಲಿಂಡರುಗಳೊಳಗೆ ಬಿಗಿಯಾಗಿ ಕೂರಿಸಬೇಕಾದ ಹೊಸ ಕಬ್ಬಿಣದ ಕೊಳವೆಗಳನ್ನು ಚಳಿಗೆ ಕುಗ್ಗಿಸಲೆಂದು ಹಶ್ಮಿ ಫ್ರೀಜರಿನಲ್ಲಿ ಮಲಗಿಸಿದ್ದ. ಅಲ್ಲಿದ್ದ ಮೀನಿಗೆಲ್ಲ ದೇಶಾಂತರ ಶಿಕ್ಷೆ. ಕರಗಿದ ಮೀನನ್ನು ಕೆಡಲು ಬಿಡಲಾಗದೆ ಮನೆಮಂದಿ ಬೆಳಿಗ್ಗೆ ಮೀನು, ಮಧ್ಯಾಹ್ನ ಮೀನು, ಸಂಜೆ ಮೀನಿನ ಸಾರು ತಿನ್ನುತ್ತಿದ್ದರು. ಇನ್ನು ಸಾಕೆಂದು ಅತ್ತೆ ಮಾಂಸ ಹುಡುಕುತ್ತ ಫ್ರೀಜರ್ ತೆರೆದಳು.

"ದೂಜಾ! ನಿನ್ನ ಗಂಡ ಇಲ್ಲಿ ತೋಪು ಬಚ್ಚಿಟ್ಟಿದಾನೆ! ಯಾರ ಮೇಲೆ ಯುದ್ಧ?"

"ಮುಚ್ಚಿ ಅತ್ತೆ, ಮುಚ್ಚಿ! ಬಿಸಿಯಾದ್ರೆ ಉಬ್ಬಿಬಿಡುತ್ತೆ!" ಎಂದು ಹಶ್ಮಿ ಓಡಿಬಂದ.

"ಬಿಸಿಯಾದ್ರೆ ಉಬ್ಬೋದು ರೊಟ್ಟಿ ಕಣೋ ಅಳಿಯಾ. ನಾನೂ ಇಷ್ಟು ಕಾಲ ಬಾಳಿದೀನಿ, ಉಬ್ಬಿದ ಕಬ್ಬಿಣ ಎಲ್ಲೂ ಕಂಡಿಲ್ಲ."

ಕೊಳವೆಗಳು ಬೆಣ್ಣೆಯಂತೆ ಜಾರಿ ಕೂತವು. ಆದರೆ ರಿಂಗು ತೊಟ್ಟ ಪಿಸ್ಟನ್ ಒಳಗಿಳಿಯಲೊಲ್ಲದು. ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ರಿಂಗು ಟಣ್ಣೆಂದು ಹಾರುತ್ತಿತ್ತು. ಹಶ್ಮಿ ಇಡೀ ಬೆಳಿಗ್ಗೆ ಬೆವರಿಳಿಸಿ, ಡೀಸೆಲ್ ಎಂಜಿನ್ ಕಂಡುಹಿಡಿದವರ ಇಡೀ ವಂಶವನ್ನು ಸ್ಮರಿಸಿ, ಕೊನೆಗೆ ನೆಲದ ಮೇಲೆ ತಲೆಗೆ ಕೈಹೊತ್ತು ಕೂತ. ಇನ್ನು ಗುಜರಿಯೇ ಗತಿ ಎಂದು ಅವನಿಗೆ ನಿಜವಾಗಿಯೂ ಅನಿಸಿತು. ದೂಜಾ ಅವನನ್ನು ನೋಡಿದಳು. ಹರೀಸಾ ಖಾರದ ಖಾಲಿ ತಗಡಿನ ಡಬ್ಬಿ ತಂದು, ಕತ್ತರಿಯಿಂದ ಪಟ್ಟಿ ಕತ್ತರಿಸಿ, ರಿಂಗುಗಳ ಸುತ್ತ ಸುತ್ತಿ, ಗಂಡನ ಸೊಂಟದ ಬೆಲ್ಟು ಬಿಚ್ಚಿಸಿ ಅದರ ಮೇಲೆ ಬಿಗಿದಳು.

"ಈಗ ತಟ್ಟಿ."

ಪಿಸ್ಟನ್ ಸೊರಕ್ಕನೆ ಇಳಿಯಿತು.

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದ ಹಶ್ಮಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು.

ಮೊದಲ ಮೊಗ್ಗು ಬಿರಿದ ದಿನ ಅಂಗಳದಲ್ಲಿ ಬೀದಿಯ ಹೆಂಗಸರೆಲ್ಲ ನೆರೆದರು. ಹಶ್ಮಿ ಚಾಲೂ ಮಾಡಿದ. ಎಂಜಿನ್ ಕೆಮ್ಮಿತು, ಬಿಳಿಯ ಒಂದು ಮೋಡ ಉಗುಳಿತು, ಆಮೇಲೆ ಗುಡುಗುಡು ಎಂದು ಒಂದೇ ಲಯದಲ್ಲಿ ನಡೆಯತೊಡಗಿತು. ದೂಜಾ ಹೊಗೆಕೊಳವೆಯ ಬಾಯಿಗೆ ಹೊಚ್ಚಹೊಸ ಚಾದರ ಹಿಡಿದಳು. ಎಲ್ಲರೂ ಉಸಿರು ಬಿಗಿಹಿಡಿದರು. ಚಾದರ ಹಾಲಿನಷ್ಟು ಬೆಳ್ಳಗಿತ್ತು. ಮನ್ನಾನಾ ಅದನ್ನು ಮೂಸಿ ನೋಡಿ, ಬೇರೆ ದಾರಿಯಿಲ್ಲದೆ, ಮದುವೆಮನೆಯಲ್ಲಿ ಹಾಕುವಂತೆ ನಾಲಿಗೆ ಹೊರಳಿಸಿ ಲುಲುಲು ಎಂದು ಜಯಕಾರ ಹಾಕಿದಳು.

ಅಷ್ಟಕ್ಕೆ ಸುಮ್ಮನಿದ್ದರೆ ಹಶ್ಮಿ ಬದುಕುತ್ತಿದ್ದ. ಆದರೆ ಅವನ ಮನಸ್ಸಿನಲ್ಲಿ ಒಂದು ಒಳಸಂಚಿತ್ತು. ಹೂ ಬಿಡಿಸುವ ಕೆಲಸ ತಪ್ಪಿಸಿಕೊಂಡು, ಗೆಳೆಯನ ಜಲ್ಲಿ ಸಾಗಿಸುವ ನೆಪದಲ್ಲಿ ದಿನಾ ಸಮುದ್ರದ ಬದಿಯ ಕಾಫಿ ಅಂಗಡಿ ಸೇರುವ ಸಂಚು. ಅವನು ಸೀಟಿನ ಮೇಲೆ ಎದ್ದುನಿಂತು ಭಾಷಣ ಮಾಡಿದ:

"ಹೊಸ ರಿಂಗು ಹದವಾಗಿ ಕೂರಬೇಕಾದ್ರೆ ಎಂಜಿನ್ ಭಾರ ಎಳೀಬೇಕು! ಸುಮ್ಮನೆ ನಿಲ್ಲಿಸಿ ಓಡಿಸಿದ್ರೆ ಮತ್ತೆ ಆಯಿಲ್ ಕುಡಿಯುತ್ತೆ. ಭಾರ ಇದ್ದಷ್ಟೂ ಒಳ್ಳೇದು. ಹೂವಿನ ಕಾಲ ಮುಗಿಯೋವರೆಗೂ ನಾನು ದುಡೀಲೇಬೇಕು. ಏನು ಮಾಡೋದು, ನನ್ನ ಹಣೆಬರಹ!"

"ಭಾರ ತಾನೆ?" ಎಂದಳು ದೂಜಾ. ಹೆಂಗಸರ ಕಡೆ ತಿರುಗಿ, "ಬನ್ರೇ, ಹತ್ತಿ!"

ಟ್ರೇಲರಿಗೆ ಮೊದಲು ಬಟ್ಟಿ ಇಳಿಸುವ ತಾಮ್ರದ ಹಂಡೆ ಏರಿತು. ಆಮೇಲೆ ಸೌದೆ, ನೀರಿನ ಪೀಪಾಯಿ, ಏಣಿಗಳು, ಖಾಲಿ ಮೂಟೆಗಳು. ಬಿಳಿ ಸೆರಗು ಕಪ್ಪಾಗುವ ಭಯಕ್ಕೆ ಇಷ್ಟು ವರ್ಷ ಆ ಟ್ರಾಕ್ಟರಿನ ಹತ್ತಿರವೂ ಸುಳಿಯದಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಹತ್ತಿದರು. ಹಂಡೆ ಏರಿಸಲು ಕೆಳಗಿಳಿದಿದ್ದ ಹಶ್ಮಿ ಮತ್ತೆ ಸ್ಟೀರಿಂಗಿನತ್ತ ಕೈ ಚಾಚುವಷ್ಟರಲ್ಲಿ ದೂಜಾ ಸೀಟೇರಿ ಕೂತಾಗಿತ್ತು. (ತವರಿನಲ್ಲಿ ಅಪ್ಪನ ಟ್ರಾಕ್ಟರ್ ಓಡಿಸುತ್ತಿದ್ದವಳು ಅವಳೇ.)

"ಏನೇ ಇದು? ನಾನು ಓಡಿಸ್ತೀನಿ!"

"ಭಾರ ಇದ್ದಷ್ಟೂ ಒಳ್ಳೇದು ಅಂದ್ರಲ್ಲ. ನೀವು ನನಗಿಂತ ತೂಕ. ಹಿಂದೆ ಹೋಗಿ."

ಎಂಜಿನ್ ಕಹಿಕಿತ್ತಳೆ ತೋಟದ ಏರಿನ ದಾರಿಯಲ್ಲಿ ಗಂಭೀರವಾಗಿ, ನಿರ್ಮಲವಾಗಿ ಎಳೆಯುತ್ತ ಸಾಗಿತು. ಟ್ರೇಲರಿನ ಮೂಲೆಯಲ್ಲಿ, ಏಣಿಗೂ ಹಂಡೆಗೂ ನಡುವೆ, ತೊಡೆಯ ಮೇಲೆ ಅತ್ತೆಯ ಬುತ್ತಿಗಂಟು ಹೊತ್ತು ಹಶ್ಮಿ ಕುಲುಕುತ್ತಿದ್ದ. ಬುತ್ತಿ ಮೀನಿನದೇ. ಅತ್ತೆ ಅವನ ಮುಖವನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ, ಮರುಕದಿಂದ ಕೇಳಿದಳು:

"ಯಾಕೋ ಅಳಿಯಾ, ಸಪ್ಪಗಿದೀಯಾ? ಭಾರ ಸಾಲದೇನೋ? ಊರಲ್ಲಿ ನನ್ನ ತಂಗೀರಿದಾರೆ, ಕರೆಸಲಾ?"