ಉಂಡವರನ್ನು ಎಬ್ಬಿಸುವ ಕುರ್ಚಿ

ಹೆಣ್ಣೊಬ್ಬಳು ಕುರ್ಚಿಯ ನಕ್ಷೆ ಬರೆದು ಮಾಡಿಸುತ್ತಾಳೆಂದರೆ ಆಗಿನ ಮದ್ರಾಸಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸವೇ ಅದು. ಹಾಗಾಗಿ ದಿನಕ್ಕೊಂದು ಪ್ರಸಂಗ. ಬೇರೆಯವರು ಆಗಲೇ ನಕ್ಕರು, ನನಗೆ ನಗು ಬರಲು ವರ್ಷಗಳೇ ಹಿಡಿದವು.

ಮಾವನ ಹೋಟೆಲು

ತ್ರಿಪ್ಲಿಕೇನಿನಲ್ಲಿ ಹೋಟೆಲಿಟ್ಟಿದ್ದ ನನ್ನ ಸೋದರಮಾವನೇ ಮೊದಲ ಗಿರಾಕಿ. ಹಾಯಾಗಿ ಒರಗಿ ಕೂರುವಂಥ ಕುರ್ಚಿ ಮಾಡಿಸಿಕೊಟ್ಟೆ. ವಾರದೊಳಗೆ ಕರೆ ಬಂತು.

“ಎಂತ ಮಾರಾಯ್ತಿ ಇದು! ಬೆಳಿಗ್ಗೆ ಕಾಫಿ ಕುಡಿದವ ಪೇಪರ್ ಹಿಡ್ಕೊಂಡು ಇನ್ನೂ ಏಳ್ಲಿಲ್ಲ. ಊಟಕ್ಕೆ ಬಂದವ್ರು ಅವನ ಬೆನ್ನ ಹಿಂದೆ ನಿಂತಿದ್ದಾರೆ. ಹೋಟೆಲಿನ ಕುರ್ಚಿ ಉಂಡ ಕೂಡ್ಲೇ ಎಬ್ಬಿಸ್ಬೇಕು!”

ಸೀಟನ್ನು ಮುಂದಕ್ಕೆ ಚೂರು ಇಳಿಜಾರು ಮಾಡಿದೆ. ಬೆನ್ನಿಗೆ ಒತ್ತುವಂತೆ ಒಂದು ಪಟ್ಟಿ ಇಟ್ಟೆ. ಹೋಟೆಲಿನವರೆಲ್ಲ ಅದಕ್ಕೇ ಮುಗಿಬಿದ್ದರು. ಕಲಿತ ವಿದ್ಯೆಯನ್ನು ತಲೆಕೆಳಗು ಮಾಡಿದ ಮೇಲೆಯೇ ನಾನು ಪಾಸಾದದ್ದು.

ದೇವರ ಹೆಸರು

ಎದುರಿಗೆ ಕೂತು ಮಾತು ಮುಗಿಸದ ರೋಗಿಗಳನ್ನು ಬೇಗ ಎಬ್ಬಿಸಬೇಕಿದ್ದ ಕೀಲ್ಪಾಕಿನ ಡಾಕ್ಟರೊಬ್ಬರು ಅದೇ ಕುರ್ಚಿ ನೋಡಲು ಬಂದು, “ಯಾರ ಡಿಸೈನು?” ಎಂದು ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ನಮ್ಮ ಮಾಲೀಕರು ಕಣ್ಣು ಮಿಟುಕಿಸದೆ, “ಇಟಲಿ ಸಾರ್” ಅಂದರು.

ಡಾಕ್ಟರು ಹೋದ ಮೇಲೆ ಮಾಲೀಕರ ಬಳಿ ಹೋದೆ. ಸೀಟಿನ ಅಡಿಯಲ್ಲಾದರೂ ನನ್ನ ಹೆಸರು ಹಾಕಿಸಿ ಎಂದು ಕೇಳಿದೆ.

ಮಾಲೀಕರು ಕೆನ್ನೆ ಬಡಿದುಕೊಂಡರು. “ಅಪಚಾರಂ, ಅಪಚಾರಂ! ನಿನ್ನ ಹೆಸರು ಸರಸ್ವತಿ ಅಲ್ವಾಮ್ಮಾ? ದೇವರ ಹೆಸರಿನ ಮೇಲೆ ಜನ ಕೂತ್ಕೊಂಡ್ರೆ ಪಾಪ ಸುತ್ಕೊಳ್ಳಲ್ವಾ?”

ಮುಂದಿನ ತಿಂಗಳಿಂದ ಪ್ರತಿ ಸೀಟಿನ ಅಡಿಗೂ ಅವರ ಹೆಸರಿನ ತಗಡು ಬಂತು. ಅವರ ಹೆಸರು ಸುಬ್ರಮಣ್ಯನ್. ಆ ದೇವರದ್ದು ಏನೂ ಅಭ್ಯಂತರವಿರಲಿಲ್ಲವೆಂದು ಕಾಣುತ್ತದೆ.

ಬಹುಮಾನ

ಎಂಬತ್ತರ ದಶಕದಲ್ಲಿ ಆ ಕುರ್ಚಿಗೆ ಬಹುಮಾನ ಬಂತು. ಅಂದರೆ, ಮಾಲೀಕರಿಗೆ ಬಂತು. ಸಮಾರಂಭದಲ್ಲಿ ನನ್ನ ಪಾಲಿಗೆ ಬಂದದ್ದು ಹಾರದ ತಟ್ಟೆ ಹಿಡಿಯುವ ಕೆಲಸ. ತಟ್ಟೆ ಹಿಡಿದು ಪರದೆಯ ಪಕ್ಕ ನಿಂತೆ.

ಗೌರವಕ್ಕೆಂದು ವೇದಿಕೆಯ ಮೇಲೆಲ್ಲ ಅದೇ ಕುರ್ಚಿಗಳನ್ನು ಹಾಕಿದ್ದರು. ಮಾಲೀಕರು ಅದರಲ್ಲಿ ಕೂತದ್ದು ಅದೇ ಮೊದಲು. ಮುಖ್ಯ ಅತಿಥಿಗಳು ಸ್ವಲ್ಪ ಹೊತ್ತು ಕೂತು, ಭಾಷಣಕ್ಕೆಂದು ಎದ್ದವರು ಮತ್ತೆ ಕೂರಬೇಕಲ್ಲ ಎಂಬ ಭಯಕ್ಕೆ ಭಾಷಣವನ್ನೇ ಮುಗಿಸಲಿಲ್ಲ. ಮಾಲೀಕರು ಮುಂದಕ್ಕೆ ಜಾರುವುದು, ಹಿಂದಕ್ಕೆ ಸರಿಯುವುದು, ಮತ್ತೆ ಜಾರುವುದು. ಕೊನೆಗೆ ಬೆವರು ಒರೆಸಿಕೊಳ್ಳುತ್ತಾ ನನ್ನನ್ನು ಹತ್ತಿರ ಕರೆದರು.

“ಯಾರಮ್ಮಾ ಮಾಡಿದ್ದು ಈ ದರಿದ್ರ ಕುರ್ಚೀನ?”

ತಟ್ಟೆ ಹಿಡಿದುಕೊಂಡೇ ಹೇಳಿದೆ: “ನೀವೇ ಸಾರ್. ಅಡಿಯಲ್ಲಿ ಹೆಸರಿದೆ, ನೋಡಿ.”