ಭಾವನ ತಾಮ್ರಯುಗ

ಪೇಂ... ಪೇಂ... ಶುಕ್ರವಾರ ಬೆಳಿಗ್ಗೆ ವಾದಿ ಕಬೀರಿನ ನಮ್ಮ ಫ್ಲಾಟಿನ ಕೆಳಗೆ ಆ ಹಾರ್ನ್ ಕೇಳಿದರೆ ನನ್ನ ಚಹಾ ಅರ್ಧದಲ್ಲೇ ಉಳಿಯುತ್ತಿತ್ತು. ಬಂದರು ನನ್ನ ಅಕ್ಕನ ಗಂಡ. ತನ್ನ ಹೆಂಡತಿಯ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಗೊತ್ತಿರದ ಈ ಭಾವನಿಗೆ, ನಾಲ್ಕು ಸಾವಿರ ವರ್ಷದ ಹಿಂದೆ ಇದೇ ಒಮಾನಿನ ಹೆಂಗಸರು ಬೆಳಗಾಗೆದ್ದು ಏನು ಮಾಡುತ್ತಿದ್ದರೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಇಂಥ ಸ್ಕಾಲರ್ ನಿಮ್ಮ ಫ್ಯಾಮಿಲಿಯಲ್ಲೂ ಒಬ್ಬರಿರಬಹುದು. ಇಲ್ಲವಾದರೆ, ಗಾಡ್ ಬ್ಲೆಸ್ ಯೂ.

ಒಂದು ಕಡೆ ಕೂರುವ ಜೀವವೇ ಅಲ್ಲ ಅದು. ರಜೆ ಬಂತೆಂದರೆ ನಮ್ಮನ್ನು ಕಾರಿಗೆ ತುಂಬಿ ಯಾವುದಾದರೂ ಗುಡ್ಡಕ್ಕೆ. ಅಲ್ಲಿ ತಾಮ್ರಯುಗದ ಕಲ್ಲಿನ ಗೋರಿಗಳು, ಬೋರಲು ಹಾಕಿದ ಮಡಕೆಗಳ ಹಾಗೆ. ಅವುಗಳ ಎದುರು ಭಾವನ ಲೆಕ್ಚರ್: "ಗಂಡಸರು ತಾಮ್ರ ಕರಗಿಸುವುದು, ಕತ್ತೆ ಮೇಲೆ ಹೇರಿ ಕಡಲಿಗೆ ಸಾಗಿಸುವುದು. ಹೆಂಗಸರು ಮನೆಯಲ್ಲಿ. ಪರ್ಫೆಕ್ಟ್ ಸಿಸ್ಟಮ್."

"ನಿಮಗೆ ಅವರು ಫೋನ್ ಮಾಡಿ ಹೇಳಿದ್ರಾ?" ಎನ್ನುವಳು ಅಕ್ಕ.

ಅಕ್ಕನಿಗೆ ಬೇಕಾದದ್ದು ಒಂದೇ, ಡ್ರೈವಿಂಗ್ ಲೈಸೆನ್ಸ್. ಬೌಷರಿನಲ್ಲಿದ್ದ ತನ್ನ ಆಫೀಸಿಗೆ ಅವರಿವರ ಕಾರಿನಲ್ಲಿ ಮುದುಡಿಕೊಂಡು ಹೋಗಿ ಸಾಕಾಗಿತ್ತು ಅವಳಿಗೆ. ಕೇಳಿದಾಗಲೆಲ್ಲ ಭಾವ ತಾಮ್ರಯುಗಕ್ಕೆ ಓಡುತ್ತಿದ್ದರು.

"ಆಗ ಕತ್ತೆ ಹೊಡೀತಿದ್ದದ್ದು ಯಾರು? ಗಂಡಸರು."

"ನಾನು ಕೇಳಿದ್ದು ಕಾರು ಮಾರಾಯ್ರೆ. ಕತ್ತೆ ಮನೆಯಲ್ಲೇ ಉಂಟು."

ಒಮ್ಮೆ ಅಕ್ಕ ಬಾತ್‌ರೂಮಿನಲ್ಲಿ ಜಾರಿ ಕೈ ಮುರಿದುಕೊಂಡಳು. ನೋಡಲು ಹೋದರೆ ಭಾವ ಮಿಕ್ಸಿಯ ಎದುರು, ಮೂಗಿನ ಮೇಲೆ ದೋಸೆ ಹಿಟ್ಟು! ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು: "ಆಗಿನ ಅರೆಯುವ ಕಲ್ಲು ನೋಡಿದ್ದೀಯಾ? ಎಂಥ ಭಾರ. ಅರೆಯುವುದು ಗಂಡಸರದ್ದೇ ಕೆಲಸ." ಒಂದು ಕೈ ಮುರಿದದ್ದಕ್ಕೆ ಇಡೀ ನಾಗರಿಕತೆಯೇ ಬದಲಾಯಿತು ನೋಡಿ.

ಆಮೇಲೆ ಭಾವನಿಗೆ ಹಾರ್ಟ್ ಅಟ್ಯಾಕ್ ಆಯಿತು. ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದರು ಡಾಕ್ಟರು. ಶುಕ್ರವಾರ ಬಂದರೆ ಬಾಲ್ಕನಿಯಿಂದ ಬಾಗಿಲಿಗೆ, ಬಾಗಿಲಿನಿಂದ ಬಾಲ್ಕನಿಗೆ ಓಡಾಟ. ಕಾರಿನ ಕೀ ಮಾತ್ರ ಮುಷ್ಟಿಯಲ್ಲೇ. ಒಂದು ಶುಕ್ರವಾರ ಅಕ್ಕ ಅದಕ್ಕೆ ಕೈ ಚಾಚಿದಳು.

"ಇನ್ನಾದರೂ ನಾನು ಕಲೀತೇನೆ. ಇಲ್ಲದಿದ್ರೆ ಇಬ್ಬರೂ ಗೋಡೆ ನೋಡ್ತಾ ಕೂರಬೇಕಷ್ಟೆ."

ಭಾವ ಇನ್ನೊಮ್ಮೆ ಬಾಲ್ಕನಿಯ ತನಕ ಹೋಗಿ ಬಂದರು. "ಆ ಗೋರಿಗಳ ಒಳಗೆ ಗಂಡಸು ಹೆಂಗಸು ಎಲ್ಲರ ಎಲುಬೂ ಬೆರೆತುಹೋಗಿತ್ತಂತೆ," ಎಂದರು ಕಡೆಗೆ. "ಕತ್ತೆ ಹೊಡೆದದ್ದು ಯಾರು ಅಂತ ಯಾರಿಗೆ ಗೊತ್ತು." ಕೀ ಅವಳ ಅಂಗೈಗೆ ಬಂತು.

ಅರವತ್ತರ ಹತ್ತಿರದ ಅಕ್ಕ ಒದ್ದಾಡಿ ಟೆಸ್ಟ್ ಪಾಸಾದಳು. ನಾನು ಭಾವನನ್ನು ಕೊನೆಯದಾಗಿ ನೋಡಿದ್ದು ಅದರ ಮರುದಿನವೇ. ನನಗೆ ಜ್ವರ, ಅವರ ಜೊತೆ ಹೊರಡಲಾಗದೆ ಕಿಟಕಿಯಲ್ಲಿ ನಿಂತಿದ್ದೆ. ಗ್ಯಾರೇಜುಗಳ ನಡುವಿನ ನಮ್ಮ ಗಲ್ಲಿಯಲ್ಲಿ ಅಕ್ಕ ರಿವರ್ಸ್ ತೆಗೆಯಲಾಗದೆ ಸಿಕ್ಕಿಬಿದ್ದಿದ್ದಳು. ಹಿಂದೆ ನೀರಿನ ಟ್ಯಾಂಕರು. ಭಾವ ಮೆಲ್ಲನೆ ಇಳಿದು ಅದಕ್ಕೆ ಅಡ್ಡ ನಿಂತರು, ಒಂದು ಕೈ ಎದೆಯ ಮೇಲೆ, ಇನ್ನೊಂದು ಕೈ ಮೇಲಕ್ಕೆ. ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿ ಗದರುತ್ತಿದ್ದ.

"ನೀನು ನಿಧಾನಕ್ಕೆ ಬಾ," ಎನ್ನುತ್ತಿದ್ದರು ಭಾವ ಅಕ್ಕನಿಗೆ. "ಅವನು ಕಾಯ್ತಾನೆ. ನಾನು ನಿಂತಿದ್ದೇನಲ್ಲ."

ಅವಳ ಕಾರು ತಿರುಗಿ ರಸ್ತೆಗೆ ಮುಖ ಮಾಡುವ ತನಕ ಅವರು ಕದಲಲಿಲ್ಲ.