ಬೆಂಕಿ ಪಾರ್ಟಿಯ ಹಾಜರಿ

ಚಿನ್ನದ ಗಣಿಯ ಬೆಂಕಿ ಪಾರ್ಟಿಯಲ್ಲಿ ನಾನು ಹನ್ನೆರಡು ವರ್ಷ ಪಂಪು ಒತ್ತಿದೆ. ನಾವು ಹೋಗಿ ಆರಿಸಿದ ಬೆಂಕಿ ಒಂದೂ ನೆನಪಿಗೆ ಬರುವುದಿಲ್ಲ. ಎಡವಟ್ಟುಗಳಿಗೆ ಮಾತ್ರ ಒಂದು ದಿನವೂ ರಜೆ ಇರಲಿಲ್ಲ. ಕೂಲಿ ಲೈನಿನ ತಟ್ಟಿ ಗುಡಿಸಲುಗಳ ನಡುವೆಯೇ ನನ್ನ ಮನೆಯೂ ಇತ್ತು. ಹಾಗಾಗಿ ಎಲ್ಲರೂ ನಗುವಾಗ ನಾನು ಮಾತ್ರ ನಮ್ಮ ಚಾವಣಿಯತ್ತ ನೋಡುತ್ತಿದ್ದೆ.

ದುಂಡು ಬಕೆಟ್ಟು

ಲೈನಿಗೆ ಬೆಂಕಿ ಬಿದ್ದರೆ ಇರಲೆಂದು ಗಣಿಯ ಬಿಳಿಯ ದೊರೆ ನೀರು ತುಂಬಿದ ಕೆಂಪು ಬಕೆಟ್ಟುಗಳನ್ನು ತೂಗುಹಾಕಿಸಿದರು. ತಳ ದುಂಡಗೆ. ನೆಲದ ಮೇಲೆ ನಿಲ್ಲದ ಬಕೆಟ್ಟನ್ನು ಯಾರು ಕದ್ದಾರು ಎಂಬುದು ಅವರ ಬುದ್ಧಿವಂತಿಕೆ. ವಾರದೊಳಗೆ ಬರೀ ಕೊಕ್ಕೆಗಳು ಉಳಿದವು. ಹುಡುಕಿಕೊಂಡು ಹೋದರೆ, ಒಬ್ಬ ಅಜ್ಜಿ ಬಕೆಟ್ಟನ್ನು ಸಿಂಬೆಯ ಮೇಲೆ ಕೂರಿಸಿ ಕುಡಿಯುವ ನೀರು ಹಿಡಿದಿಟ್ಟಿದ್ದಳು.

"ನಮ್ ಮಡಕೆ ಯಾವುದಕ್ಕೆ ತಳ ಚಪ್ಪಟೆ ಐತೆ ಸಾಮಿ? ದೊರೆ ನಮ್ಮನೆ ನೋಡೇ ಮಾಡ್ಸವ್ರೆ" ಎಂದು ಅವರನ್ನು ಹರಸಿದಳು.

ಕ್ಯಾಸಂಬಳ್ಳಿ ಎತ್ತು

ಪಂಪು ನಮ್ಮದು, ಅದನ್ನೆಳೆಯುವ ಎತ್ತು ಬೇರೆ ಇಲಾಖೆಯದು. ಆ ಇಲಾಖೆಯವರು ಕ್ಯಾಸಂಬಳ್ಳಿಯ ರೈತನೊಬ್ಬನ ಜೋಡಿಯನ್ನು ಗೊತ್ತುಮಾಡಿದ್ದರು. ಒಮ್ಮೆ ಲೈನಿನ ಪಕ್ಕದ ಕಣದಲ್ಲಿ ಹರಡಿದ್ದ ಹುಲ್ಲಿಗೆ ಬೆಂಕಿ ಬಿತ್ತು. ಉರಿ ಕಂಡದ್ದೇ ತಡ, ಎತ್ತುಗಳು ಬಾಲ ಎತ್ತಿ, ಪಂಪಿನ ಸಮೇತ ಬೆಂಕಿ ದಾಟಿ, ಬಂಗಾರಪೇಟೆ ರಸ್ತೆ ಹಿಡಿದವು. ಅವನ್ನು ಹಿಡಿದು ತರುವಷ್ಟರಲ್ಲಿ ಕಣ ಬೂದಿಯಾಗಿತ್ತು.

ಎತ್ತಿನ ರೈತ ಸ್ವಲ್ಪವೂ ಬೇಸರಪಡಲಿಲ್ಲ. "ಸಂಕ್ರಾಂತಿಗೆ ಕಿಚ್ಚು ಆಯ್ಸಿ ಸಾಕಿರೋ ಎತ್ತು ಸಾಮಿ. ಬೆಂಕಿ ಕಂಡ್ರೆ ನೆಗೆಯಾದೇ ಅವಕ್ಕೆ ಗೊತ್ತಿರಾದು. ನಿಲ್ಲಾಕೆ ಯಾರು ಕಲ್ಸವ್ರೆ?"

ಮೊದಲ ಹಾಜರಿ

ಒಂದು ಮಧ್ಯಾಹ್ನ ಮುದ್ದೆಯ ಮುಂದೆ ಕೂತಿದ್ದೆ. ನಮ್ಮ ಚಾವಣಿಯೇ ಹೊತ್ತಿಕೊಂಡಿತು. ಎಲ್ಲೇ ಬೆಂಕಿ ಬಿದ್ದರೂ ಪಾರ್ಟಿಯವನು ಮೊದಲು ಪಂಪಿನ ಶೆಡ್ಡಿಗೆ ಓಡಿ ಹಾಜರಿ ಹಾಕಬೇಕು. ತಪ್ಪಿದರೆ ಕೆಲಸ ಹೋಗುತ್ತದೆ. ನಾನು ಎದ್ದೆ.

"ಎಲ್ಲಿಗೆ ಓಯ್ತೀಯಾ? ಬೆಂಕಿ ಇಲ್ಲೈತೆ" ಎಂದಳು ಹೆಂಡತಿ, ಪಾತ್ರೆಗಳನ್ನು ಹೊರಗೆ ಎಸೆಯುತ್ತ.

"ಆಜರಿ ಆಕಿ ಬತ್ತೀನಿ ಕಣೇ" ಎಂದು ಒಂದು ಮೈಲಿ ಓಡಿದೆ.

ಎಲ್ಲರೂ ಸೇರಿ, ಸಾಲಾಗಿ ನಿಂತು, ಹೆಸರು ಕೂಗಿಸಿಕೊಂಡು, ಪಂಪು ಎಳೆದು ತರುವಷ್ಟರಲ್ಲಿ ಮನೆಯಿದ್ದ ಜಾಗದಲ್ಲಿ ಒಲೆಯ ಕಲ್ಲುಗಳಷ್ಟೇ ಉಳಿದಿದ್ದವು. ಅಲ್ಲೇ ಕೂತು ಅತ್ತುಬಿಟ್ಟೆ.

ಮರುವಾರ ದೊರೆ ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಸೈರನ್ ಕೂಗುವ ಮೊದಲೇ ಹಾಜರಾದವನು ಪಾರ್ಟಿಯಲ್ಲಿ ನಾನೊಬ್ಬನೇ ಅಂತೆ. ಗಾಜಿನ ಚೌಕಟ್ಟು ಹಾಕಿಸಿದ ಮೆಚ್ಚುಗೆ ಪತ್ರ ಕೊಟ್ಟರು.

ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ತಗುಲಾಕಾಕೆ ಒಂದು ಗೋಡೇನೂ ಕೊಡ್ತಾರೇನೋ, ಕೇಳ್ಕೊಂಡ್ ಬಾ" ಎಂದಳು.